ಬಲತೋಳಿನ ಅಳತೆ

ಮನುಷ್ಯರ ಎರಡು ತೋಳೂ ಒಂದೇ ಸಮ ಇರುತ್ತವೆ ಎಂದು ನಂಬಿಕೊಂಡು ಬದುಕುವವರು ಟೈಲರ್‌ಗಳು. ಬಟ್ಟೆಯನ್ನು ಎರಡು ಪದರ ಮಡಿಸಿ ಹಾಸುತ್ತಾರೆ, ಒಂದೇ ಸಲ ಕತ್ತರಿ ಆಡಿಸುತ್ತಾರೆ, ಎಡಕ್ಕೊಂದು ಬಲಕ್ಕೊಂದು ತೋಳು ಸಿದ್ಧ. ತಿಪಟೂರಿನಲ್ಲಿ ಗಲ್ಲಿಗೊಬ್ಬ ಟೈಲರ್ ಇದ್ದರೂ ಕೆಂಪಕ್ಕನಿಗೆ ಸರಿಹೋಗುವ ಒಂದು ಬ್ಲೌಸ್ ಹೊಲಿದುಕೊಡಲು ಯಾರಿಂದಲೂ ಆಗದೆ ಹೋದದ್ದು ಈ ನಂಬಿಕೆಯಿಂದಲೇ.

ಕೆಂಪಕ್ಕ ಬಿಳಿಗೆರೆಯ ಸೊಸೆ. ಮದುವೆಯಾಗಿ ಬಂದ ಮರುವರ್ಷವೇ ತೋಂಟದಾರ್ಯ ಎಂಬ ಕೊಬ್ಬರಿ ವ್ಯಾಪಾರಿಯ ಶೆಡ್ಡಿಗೆ ಕೂಲಿಗೆ ಹೋದಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವ ಕಾಯಿಯನ್ನು ಎಡಗೈಯಲ್ಲಿ ಹಿಡಿಯಬೇಕು, ಬಲಗೈಯ ಮಚ್ಚಿನಿಂದ ಚಿಪ್ಪನ್ನಷ್ಟೇ ಒಡೆಯಬೇಕು, ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರೂ ಬೀಳಬಾರದು. ಬೆಳಗಿನಿಂದ ಸಂಜೆಯವರೆಗೆ ಎಡಗೈ ಹಿಡಿದೇ ಇರುತ್ತದೆ, ಬಲಗೈ ಹೊಡೆಯುತ್ತಲೇ ಇರುತ್ತದೆ. ಹೀಗೆ ವರ್ಷಗಳು ಉರುಳಿದರೆ ಎಡತೋಳು ಹೆಂಗಸಿನದಾಗಿ ಉಳಿದು ಬಲತೋಳು ಪೈಲ್ವಾನನದಾಗುತ್ತದೆ. ಬಲಭುಜವೂ ಒಂದು ಬೆರಳಿನಷ್ಟು ಕೆಳಗೆ ಜಾರುತ್ತದೆ. ಶೆಡ್ಡಿನ ಹೆಂಗಸರೆಲ್ಲರ ಮೈಯೂ ಹೀಗೇ ಇತ್ತು, ಅದನ್ನು ಯಾರೂ ಒಂದು ಸಂಗತಿ ಎಂದುಕೊಂಡಿರಲಿಲ್ಲ.

ಬ್ಲೌಸ್ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊಸ ಬ್ಲೌಸ್ ತೊಟ್ಟು ನಾಲ್ಕು ಸಲ ಕೈ ಎತ್ತಿದರೆ ಸಾಕು, ಬಲಗಂಕುಳಲ್ಲಿ ಪರ್ ಅಂತ ಬಾಯಿ ಬಿಡುತ್ತಿತ್ತು. ಪೇಟೆಯ ಟೈಲರ್ ಮಹಾಂತೇಶ್ ಹತ್ತಿರ ಜಗಳ ಆಡಿದರೆ ಅವನು, "ಅಕ್ಕಾ, ನನ್ ಕತ್ರಿದು ತಪ್ಪಿಲ್ಲ, ನಿನ್ ಕೈದೇ ತಪ್ಪು ಕಣಕ್ಕ" ಎಂದು ಹಲ್ಲು ಕಿರಿಯುತ್ತಿದ್ದ. ಬಲಗೈಗೆ ಸರಿಯಾಗುವಂತೆ ಸಡಿಲ ಹೊಲಿದುಕೊಟ್ಟರೆ ಎಡಗೈಯ ತೋಳು ಬಾವಲಿಯ ರೆಕ್ಕೆಯ ಹಾಗೆ ಜೋತಾಡುತ್ತಿತ್ತು. ನೆಂಟರ ಮದುವೆಗಳಲ್ಲಿ ಕೆಂಪಕ್ಕ ಸೆರಗನ್ನು ಎರಡು ಭುಜಕ್ಕೂ ಹೊದ್ದು, ಸೆಕೆಯಲ್ಲಿ ಬೆವರುತ್ತ ಕೂರುತ್ತಿದ್ದಳು. ಕಂಡವರು ಎಂಥ ಸಂಕೋಚದ ಹೆಂಗಸು ಎಂದು ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ಅವಳಿಗೆ ಮೈ ಉರಿಯುತ್ತಿತ್ತು.

ಕೊನೆಗೊಂದು ದಿನ ಅವಳಿಗೆ ರೇಗಿತು. ಯಾರೋ ಮಾರಲಿಟ್ಟಿದ್ದ ಹಳೆಯ ಹೊಲಿಗೆ ಮಿಷಿನ್ನನ್ನು ಗಂಡನ ಗಾಡಿಯಲ್ಲಿ ಹಾಕಿಸಿಕೊಂಡು ಬಂದಳು. ಕಲಿಸುವವರಿಲ್ಲ. ಇದ್ದ ಬ್ಲೌಸ್ ಒಂದರ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಇದು ಬೆನ್ನು, ಇದು ಎದೆ, ಇದು ತೋಳು ಎಂದು ಗುರುತು ಹಿಡಿದಳು. ಆಗ ಹೊಳೆಯಿತು, ಎಲ್ಲದರ ಮೂಲ ಆ ಮಡಿಕೆಯಲ್ಲೇ ಇದೆ ಎಂದು. ಬಟ್ಟೆ ಮಡಿಸಲೇಬಾರದು. ಎಡಕ್ಕೆ ಬೇರೆ ಕಾಗದ, ಬಲಕ್ಕೆ ಬೇರೆ ಕಾಗದ ಕತ್ತರಿಸಬೇಕು. ಕೊಬ್ಬರಿ ಮಂಡಿಯವರು ವರ್ಷಕ್ಕೊಂದು ಕೊಡುವ ಕ್ಯಾಲೆಂಡರ್ ಮನೆಯಲ್ಲಿತ್ತು. ದೇವರ ಪಟದ ಮೇಲೆ ಕತ್ತರಿ ಇಡಬಾರದೆಂದು ಆ ಹಾಳೆಯನ್ನು ಗೋಡೆಯಲ್ಲೇ ಬಿಟ್ಟು, ತಾರೀಕಿನ ಹಾಳೆಗಳನ್ನು ತಿರುವಿ ಹಾಕಿಕೊಂಡು ಗೆರೆ ಎಳೆಯಲು ಕೂತಳು.

ಆದರೆ ತನ್ನ ಬಲತೋಳಿನ ಅಳತೆಯನ್ನು ತಾನೇ ತೆಗೆಯುವುದು ಹೇಗೆ? ಎಡಗೈಯೊಂದರಲ್ಲೇ ಟೇಪನ್ನು ಸುತ್ತಿ, ಹಿಡಿದು, ಓದಬೇಕು. ಟೇಪು ಜಾರಿ ಜಾರಿ ಬೀಳುತ್ತಿತ್ತು. ಗಂಡ ತಿಮ್ಮರಾಜು ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಬಂದು ಮಂಡಿಯೂರಿ ಕೂತ. ತೋಟಗಳಿಂದ ಮಂಡಿಗೆ ಕಾಯಿ ಸಾಗಿಸುವ ಲಗೇಜ್ ಆಟೊ ಅವನದು, ಒರಟು ಕೈ. ಆ ಕೈಯಿಂದ ಟೇಪನ್ನು ಅವಳ ತೋಳಿಗೆ ಮೆಲ್ಲಗೆ ಸುತ್ತಿ, ಅಂಕಿ ಓದಿ ಹೇಳಿದ. ಅವಳಿಗೆ ನಾಚಿಕೆಯಾಯಿತು. "ಗಂಡಸಿನ್ ಕೈ ಇದ್ದಂಗೈತೆ ಅಲ್ವಾ?" ಅಂದಳು.

"ಥೂ, ಸುಮ್ಕಿರೇ. ಈ ಕೈಯಿಂದ್ಲೇ ಕಣೇ ನಮ್ಮನೆ ನಿಂತಿರೋದು" ಅಂದ ತಿಮ್ಮರಾಜು.

ಆ ಮಾತನ್ನು ಕೆಂಪಕ್ಕ ಮರೆಯಲಿಲ್ಲ. ಗಂಡಸರು ಹೆಂಡತಿಯ ಮೂಗು, ಕಣ್ಣು, ಜಡೆ ಹೊಗಳುತ್ತಾರಂತೆ. ಇವನು ಅವಳು ಊರಿಗೆಲ್ಲ ಮುಚ್ಚಿಟ್ಟುಕೊಂಡಿದ್ದ ತೋಳನ್ನು ಹೊಗಳಿದ್ದ. ಅದಕ್ಕಿಂತ ದೊಡ್ಡ ಒಡವೆಯನ್ನು ಅವಳು ಬಯಸಲೂ ಇಲ್ಲ.

ಮರೂನ್ ಬಣ್ಣದ ಆ ಮೊದಲ ಬ್ಲೌಸ್ ತೊಟ್ಟಾಗ ಎರಡು ತೋಳೂ ಒಂದೇ ಸಮ ಕಂಡವು. ಎಡಭುಜಕ್ಕೊಂದು ಇಳಿಜಾರು, ಬಲಭುಜಕ್ಕೆ ಇನ್ನೊಂದು. ಬಲಗಂಕುಳ ಹರಿಯದಿರಲೆಂದು ಅಲ್ಲೊಂದು ಚೌಕದ ಸಣ್ಣ ತುಂಡನ್ನು ಮೂಲೆ ಮೇಲೆ ಮಾಡಿ ಕೂರಿಸಿದ್ದಳು, ಹಲಸಿನ ಹಪ್ಪಳದ ಚೂರಿನಷ್ಟು ದೊಡ್ಡದು. ಯಾವ ಟೈಲರೂ ಹಾಗೆ ಮಾಡುವುದಿಲ್ಲ. ಶೆಡ್ಡಿನಲ್ಲಿ ಪಕ್ಕ ಕೂರುತ್ತಿದ್ದ ರಂಗಮ್ಮ ಅವಳನ್ನು ಸುತ್ತ ತಿರುಗಿಸಿ ನೋಡಿ, "ಇದ್ಯಾವ ಮಾಯ್ಕಾರ ಹೊಲ್ದನೇ?" ಅಂದಳು. ನಾನೇ ಎಂದಾಗ ನಂಬಲಿಲ್ಲ. ನಂಬಿದ ಮೇಲೆ ತಾನೂ ಒಂದು ಬ್ಲೌಸ್ ಪೀಸ್ ತಂದು ಮಡಿಲಿಗೆ ಹಾಕಿದಳು. ಅವಳ ಹಿಂದೆ ಇಡೀ ಶೆಡ್ಡು ಬಂತು. ತಾಂಬೂಲದಲ್ಲಿ ಬಂದು, ಪೆಟ್ಟಿಗೆ ಸೇರಿ, ಇನ್ನೊಬ್ಬರ ತಾಂಬೂಲಕ್ಕೆ ದಾಟಿಕೊಂಡೇ ಓಡಾಡುತ್ತಿದ್ದ ಬ್ಲೌಸ್ ಪೀಸುಗಳೆಲ್ಲ ಮೊದಲ ಸಲ ಕತ್ತರಿ ಕಂಡವು. ಕೆಂಪಕ್ಕ ಮಚ್ಚು ಕೆಳಗಿಟ್ಟಳು. ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಮಳಿಗೆ ಹಿಡಿದಳು. ಒಂದು ಬಾಗಿಲು, ಮೂಲೆಯಲ್ಲಿ ಮಿಷಿನ್ನು, ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಕಾಗದದ ತೋಳುಗಳು. ಬಟ್ಟೆ ಅಂಗಡಿಗಳವರೂ ಹೇಳಿ ಕಳಿಸತೊಡಗಿದರು, ತೋಳು ಸರಿಹೋಗದಿದ್ದರೆ ಕೆಂಪಕ್ಕನ ಹತ್ತಿರ ಹೋಗಿ ಎಂದು.

ಮಗಳು ಮಧುಶ್ರೀಯನ್ನು ಕೆಂಕೆರೆಗೆ ಕೊಟ್ಟದ್ದೂ ಆ ಮಿಷಿನ್ನಿನ ದುಡಿಮೆಯಲ್ಲೇ. ಆಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಬೆಳಿಗ್ಗೆ ಅವನು ಗಾಡಿ ಹತ್ತುತ್ತಿದ್ದ, ಇವಳು ಬಸ್ಸು ಹತ್ತುತ್ತಿದ್ದಳು.

ಈ ಸಲದ ಯುಗಾದಿ ಕಳೆದ ಮೇಲೆ ಮರೂನ್ ಬ್ಲೌಸ್ ಕಾಣೆಯಾಯಿತು. ಅದು ಹಳತಾಗಿ ಬಣ್ಣ ಮಾಸಿದ್ದರೂ ಕೆಂಪಕ್ಕ ಅದನ್ನು ಅಳತೆ ಬ್ಲೌಸ್ ಎಂದು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಳು. ಕ್ಯಾಲೆಂಡರ್ ಕಾಗದ ಹರಿದರೆ ಅದನ್ನೇ ಹಾಸಿ ಮತ್ತೆ ಗೆರೆ ಎಳೆಯುತ್ತಿದ್ದಳು. ಪೆಟ್ಟಿಗೆ ಬೋರಲು ಹಾಕಿದರೂ ಸಿಗಲಿಲ್ಲ. ತಿಮ್ಮರಾಜು ತಾನೂ ಹುಡುಕಿದ. ಏಣಿ ಹಾಕಿ ಅಟ್ಟಕ್ಕೆ ಹತ್ತಿ, ಕಾಯಿ ರಾಶಿಯ ಸಂದಿಯಲ್ಲೆಲ್ಲ ಟಾರ್ಚ್ ಬಿಟ್ಟು ನೋಡಿ ಬಂದು, "ಇಲಿ ಎಳ್ಕೊಂಡೋಗಿರ್ಬೇಕು ಕಣೇ. ಗೂಡು ಮಾಡ್ಕೊಳ್ಳೋಕೆ ಮೆತ್ತಗಿರೋ ಬಟ್ಟೆ ಬೇಕಲ್ಲ ಅವಕ್ಕೆ" ಅಂದ. ಮೈಯೆಲ್ಲ ಧೂಳಾಗಿತ್ತು. ನನ್ನದೊಂದು ಹಳೇ ಬ್ಲೌಸಿಗೆ ಪಾಪ ಎಷ್ಟು ಕಷ್ಟಪಟ್ಟ ಎಂದು ಕೆಂಪಕ್ಕ ಬಿಸಿನೀರು ಕಾಯಿಸಿ ಕೊಟ್ಟಳು. ಈಗ ನೆನೆಸಿಕೊಂಡರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಆ ಬಿಸಿನೀರಿನ ಮೇಲೆ.

ಕೆಲವು ದಿನ ಕಳೆದು, ಸಂತೆಯ ದಿನ, ಮಳಿಗೆಗೆ ಒಬ್ಬ ಹೆಂಗಸು ಬಂದಳು. ಮೂವತ್ತು ದಾಟಿದ ವಯಸ್ಸು, ಲಕ್ಷಣವಾದ ಮುಖ, ಮೈಕಟ್ಟು ಹೆಚ್ಚುಕಡಿಮೆ ಕೆಂಪಕ್ಕನದೇ. ಹೆಸರು ಮಂಗಳಾ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಿಂಡಿ ಹೋಟ್ಲು ಇಟ್ಟುಕೊಂಡಿದ್ದೇನೆ ಅಂದಳು. ಕವರಿನಿಂದ ನವಿಲುಬಣ್ಣದ ಹೊಸ ರೇಷ್ಮೆ ಬ್ಲೌಸ್ ತೆಗೆದು ಮೇಜಿನ ಮೇಲಿಟ್ಟಳು.

"ತುರುವೇಕೆರೇಲಿ ಹೊಲ್ಸಿದ್ದು ಕಣಕ್ಕ. ಎಡಗೈಗೆ ಹೇಳಿ ಮಾಡಿಸ್ದಂಗೈತೆ. ಬಲಗೈ ನೋಡಿ, ಚೀಲ! ಬಟ್ಟೆ ಅಂಗ್ಡಿಯೋರು ನೀವೊಬ್ರೇ ಸರಿ ಮಾಡ್ಕೊಡೋದು ಅಂದ್ರು."

ಕೆಂಪಕ್ಕ ನಗುತ್ತಲೇ ಬ್ಲೌಸನ್ನು ಕೈಗೆ ತೆಗೆದುಕೊಂಡಳು, ಯಾವನೋ ಹೊಸಬ ಟೈಲರ್ ಎಡವಟ್ಟು ಮಾಡಿದ್ದಾನೆ ಎಂದುಕೊಂಡು. ಒಳಮುಖ ಮಾಡಿ ಹರಡಿದಳು. ಬಲಭುಜ ಒಂದು ಬೆರಳು ತಗ್ಗು. ಬಲತೋಳು ಎರಡು ಬೆರಳು ಅಗಲ. ಅವಳ ನಗು ನಿಂತಿತು. ಕಂಕುಳ ಕಡೆ ಹೆಬ್ಬೆರಳು ಸರಿಸಿದಳು. ಅಲ್ಲಿ ಹಪ್ಪಳದ ಚೂರಿನಂಥ ತುಂಡು ಕೂತಿತ್ತು.

ನಮ್ಮ ಕಡೆಯ ಟೈಲರ್‌ಗಳ ನಿಯತ್ತು ಹಾಗೆಯೇ. ಅಳತೆ ಬ್ಲೌಸ್ ಕೊಟ್ಟರೆ ಅದೇ ವೇದ. ಅದರಲ್ಲಿ ಗಂಟಿದ್ದರೆ ಇದರಲ್ಲೂ ಗಂಟು ಹಾಕುತ್ತಾರೆ. ತುರುವೇಕೆರೆಯ ಆ ಪುಣ್ಯಾತ್ಮ ಯಾರ ಕೈ ಹೇಗಿದೆಯೋ ತನಗೇಕೆ ಎಂದು, ಕೆಂಪಕ್ಕನ ಮೈಯನ್ನು ಕೂದಲೆಳೆಯಷ್ಟೂ ತಪ್ಪದೆ ರೇಷ್ಮೆಯಲ್ಲಿ ಇಳಿಸಿಬಿಟ್ಟಿದ್ದ.

"ಏನವ್ವ, ಕೊಬ್ರಿ ಶೆಡ್ನಲ್ಲಿ ಕೆಲ್ಸ ಮಾಡಿದ್ದೀಯಾ?" ಕೆಂಪಕ್ಕ ಕೇಳಿದಳು. ಇಲ್ಲದ ದಾರಿಯನ್ನು ಹುಡುಕುತ್ತಿದ್ದಳು ಪಾಪ.

"ಇಲ್ಕಣಕ್ಕ."

"ಮತ್ತೆ ಅಳತೆ ಯಾರ್ದು?"

ಮಂಗಳಾ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. ಅಳತೆ ಕೊಡುವಾಗ ಹೆಂಗಸರು ಟೈಲರ್ ಹೆಂಗಸಿಗೆ ಹೇಳಿಕೊಳ್ಳುವಷ್ಟನ್ನು ದೇವರಿಗೂ ಹೇಳಿಕೊಳ್ಳುವುದಿಲ್ಲ. "ನಿಮ್ಮತ್ರ ಏನು ಮುಚ್ಚುಮರೆ ಬುಡಿ. ನಮ್ಮೆಜಮಾನ್ರು ತೀರ್ಕೊಂಡು ವರ್ಷಗಳಾದ್ವು. ಈಗೊಬ್ರು ಅವ್ರೆ, ಕಾಯಿ ಗಾಡಿ ಓಡಿಸ್ತಾರೆ, ಬಿಳಿಗೆರೆ ಕಡೆಯೋರು. ನಂಗೆ ಗೊತ್ತಾಗ್ದಂಗೆ ಹೊಲ್ಸಿ ಕೊಡ್ಬೇಕು ಅಂತ ಆಸೆಪಟ್ಟು, ಮನೇಲಿದ್ದ ಅವ್ರ ಹೆಂಡ್ತಿ ಬ್ಲೌಸ್ನೇ ಅಳತೆಗೆ ಕೊಟ್ಬುಟ್ಟವ್ರೆ. ಗಂಡಸ್ರಿಗೆ ಏನ್ ತಿಳೀತದೆ ಹೇಳಿ. ಸರಿ ಇಲ್ಲ ಅಂದ್ರೆ ನೊಂದ್ಕೋತಾರೆ ಅಂತ ನಾನೇ ಸುಮ್ನೆ ತಂದೆ."

ಕೆಂಪಕ್ಕ ಆ ತುಂಡಿನ ಮೇಲಿಂದ ಹೆಬ್ಬೆರಳು ತೆಗೆದಳು. ಕೈಯಲ್ಲಿ ಬ್ಲೌಸ್ ಹಾಗೇ ಇತ್ತು.

"ಅವ್ರಿಗೆ ಹೆಂಡ್ತಿ ಅವ್ಳಾ?" ಅಂದಳು.

"ಅವ್ಳೆ. ತಪ್ಪು ಅಂತ ನಂಗೂ ಗೊತ್ತು ಕಣಕ್ಕ. ಆದ್ರೆ ಆಯಮ್ಮಂಗೆ ಬಲಗೈ ಊನವಂತೆ, ಸ್ವಾಧೀನವೇ ಇಲ್ವಂತೆ. ಊದ್ಕೊಂಡು ಒಂಥರಾ ಆಗೈತಂತೆ. ಮೂಲೇಲಿ ಕೂತವ್ಳೆ, ಒಂದ್ ಲೋಟ ಎತ್ತೋಕಾಗಲ್ಲ, ಎಲ್ಲಾ ನಾನೇ ಮಾಡ್ಬೇಕು ಅಂತ ಹೇಳ್ಕೊಂಡು ಅತ್ರು. ಆಯಮ್ಮನ ಬ್ಲೌಸ್ನೂ ನಮ್ಮನೇಲೇ ಬಿಟ್ಟವ್ರೆ, ಅದ್ರ ತೋಳು ನೋಡಿದ್ಮೇಲೆ ನಂಗೂ ನಂಬಿಕೆ ಆಯ್ತು. ಪಾಪ, ಹೆಣ್ಜನ್ಮ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಗಂಡ ಇನ್ನೊಬ್ಬಳ ಮನೆಯಲ್ಲಿ ತಿಂಡಿ ತಿಂದದ್ದನ್ನು, ಬ್ಲೌಸ್ ಕದ್ದದ್ದನ್ನು, ಇಲಿಯ ಮೇಲೆ ಹಾಕಿದ್ದನ್ನು ಕೆಂಪಕ್ಕ ಹೇಗಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆ ತೋಳು! ಅವನ ಗಾಡಿಯ ಕಂತು ಕಟ್ಟಿದ ತೋಳು, ಮಗಳ ಮದುವೆ ಮಾಡಿದ ತೋಳು, ಇವನು ಮಂಡಿಯೂರಿ ಕೂತು ಹೊಗಳಿದ ತೋಳು. ಅದನ್ನೇ ಊನ ಎಂದು ಹೇಳಿ ಇನ್ನೊಬ್ಬಳ ಮುಂದೆ ಕಣ್ಣೀರು ಹಾಕಿದ್ದ. ಊರಲ್ಲಿ ಯಾರಿಗೂ ಗೊತ್ತಾಗದಂತೆ ಅವಳು ಹೊಲಿದು ಮುಚ್ಚಿದ್ದನ್ನು ಇವನು ಕ್ರಾಸಿನ ಹೋಟ್ಲಿನಲ್ಲಿ ಬಿಚ್ಚಿ ತೋರಿಸಿದ್ದ.

ಮಂಗಳಾಳ ಜುಟ್ಟು ಹಿಡಿಯಬಹುದಿತ್ತು. ನಾನೇ ಕಣೇ ಆ ಮೂಲೇಲಿ ಕೂತವಳು ಎಂದು ಕಿರುಚಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಕೆಂಪಕ್ಕ ಹಲ್ಲು ಕಚ್ಚಿ ತಡೆದಳು. ಇವಳ ಕಣ್ಣಿಗೂ ಮಣ್ಣೆರಚಿದ್ದಾನೆ ಎಂದು ತಿಳಿದದ್ದರಿಂದ ತಡೆದಳೋ, ಮೊದಲು ಬಾಯಿ ಬಿಡಬೇಕಾದವನು ಬೇರೆ ಇದ್ದಾನೆ ಎಂದು ತಡೆದಳೋ, ಅವಳಿಗೇ ತಿಳಿಯದು.

"ಕೈ ನೀಡವ್ವ" ಅಂದಳು.

ಟೇಪು ಸುತ್ತಿ ಮಂಗಳಾಳ ತೋಳನ್ನು ಅಳೆದಳು. ನಯವಾದ, ಎಡಬಲ ಒಂದೇ ಸಮನಾದ ತೋಳುಗಳು. "ನಿಮ್ ಕೈ ಎಷ್ಟು ಗಟ್ಟಿ ಕಣಕ್ಕ" ಅಂದಳು ಮಂಗಳಾ. ಕೆಂಪಕ್ಕ ಮೂಲೆಗೆ ಹೋಗಿ ಮಿಷಿನ್ನಿನ ಮುಂದೆ ಕೂತಳು.

ತೋಳು ಬಿಗಿ ಮಾಡುವಾಗ ಹೆಚ್ಚಿನ ಬಟ್ಟೆಯನ್ನು ಟೈಲರ್‌ಗಳು ಕತ್ತರಿಸುವುದಿಲ್ಲ, ಮುಂದೆ ಮೈ ಬಂದರೆ ಬೇಕಾದೀತು ಎಂದು ಒಳಗೇ ಬಿಡುತ್ತಾರೆ. ಕೆಂಪಕ್ಕನೂ ಅಷ್ಟು ವರ್ಷ ಹಾಗೇ ಮಾಡಿದವಳು. ಆ ದಿನ ಮಾತ್ರ ಹೊಸ ಹೊಲಿಗೆ ಹಾಕಿದ ಮೇಲೆ ಹೊರಗುಳಿದದ್ದನ್ನು ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ತೆಗೆದಳು. ಕಂಕುಳ ತುಂಡೂ ಅದರ ಜೊತೆಗೇ ಬಂತು. ಬಿಡಿಸಿ ಹಿಡಿದರೆ ನಡುವೆ ಹಳೆಯ ಹೊಲಿಗೆ ಇದ್ದ, ಎರಡು ಬೆರಳಗಲದ ನವಿಲುಬಣ್ಣದ ಪಟ್ಟಿ. ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭುಜವನ್ನೂ ಎತ್ತಿ ಸರಿಮಾಡಿದಳು. ಮಂಗಳಾ ತೊಟ್ಟು ನೋಡಿಕೊಂಡಳು. ಒಂದು ಸುಕ್ಕಿಲ್ಲ. ಕೆಟ್ಟದಾಗಿ ಹೊಲಿಯಲು ಕೆಂಪಕ್ಕನ ಕೈಗೆ ಬರುವುದೇ ಇಲ್ಲ, ಶತ್ರುವಿಗಾದರೂ.

"ಏನು ಕೊಡ್ಲಿ ಅಕ್ಕ?"

"ಏನೂ ಬ್ಯಾಡ, ಹೋಗು" ಅಂದಳು. ಮಂಗಳಾ ಮೆಚ್ಚಿಕೊಂಡು, ಒಳ್ಳೇದಾಗ್ಲಿ ಎಂದು ಹೇಳಿ ಹೋದಳು.

ಸಂಜೆ ಬೇಗನೆ ಬಾಗಿಲು ಹಾಕಿಕೊಂಡು ಕೆಂಪಕ್ಕ ಊರಿಗೆ ಬಂದಳು. ಬಸ್ಸಿನ ಕಿಟಕಿಯ ಪಕ್ಕ ತೋಟಗಳು ಹಾದುಹೋಗುತ್ತಿದ್ದವು, ಅವಳು ಒಂದನ್ನೂ ನೋಡಲಿಲ್ಲ. ಒಂದೇ ಆಸೆ ಉಳಿದಿತ್ತು. ಇವನು ಒಂದು ಸಲವಾದರೂ ನಿಜ ಹೇಳಲಿ, ತಾನಾಗಿ ಹೇಳಲಿ. ಹೇಳಿದರೆ ಬೈದು, ಅತ್ತು, ಹೇಗಾದರೂ ಬಾಳಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಅಷ್ಟು ನೊಂದಿದ್ದರೂ ಅವನಿಗೊಂದು ದಾರಿ ಬಿಡಲು ನೋಡಿದಳು.

ತಿಮ್ಮರಾಜು ಬೆಳಕಿರುವಾಗಲೇ ಬಂದ. ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಟೀ ಕುಡಿದ.

"ಒಂಚೂರು ಟೇಪ್ ಹಿಡೀರಿ" ಅಂದಳು ಕೆಂಪಕ್ಕ.

"ಈಗ್ಯಾಕೆ?"

"ಅಳತೆ ಬ್ಲೌಸ್ ಇಲಿ ಎಳ್ಕೊಂಡೋಯ್ತಲ್ಲ. ಹೊಸದಾಗಿ ಅಳೀಬೇಕು." ಅವನ ಮುಖವನ್ನೇ ನೋಡುತ್ತ ಕೇಳಿದಳು, "ಇಲೀನೇ ಅಲ್ವಾ?"

"ಇಲೀನೇ ಕಣೇ. ಇನ್ಯಾರು ಒಯ್ತಾರೆ ಆ ಹಳೇ ಬಟ್ಟೆನ?"

ದಾರಿ ಅಲ್ಲಿಗೆ ಮುಚ್ಚಿತು. ಅವನು ಎದ್ದು ಬಂದು ಟೇಪನ್ನು ಅವಳ ಬಲತೋಳಿಗೆ ಸುತ್ತಿದ. ಗೆಲುವಾಗಿಯೇ ಇದ್ದ. ತೋಳನ್ನು ಮೆತ್ತಗೆ ತಟ್ಟಿ, "ಈ ಕೈಯಿಂದ್ಲೇ ಕಣೇ ನಮ್ಮನೆ ನಿಂತಿರೋದು" ಅಂದ.

ಅದೇ ಮಾತು. ಅದೇ ದನಿ. ಇಷ್ಟು ವರ್ಷ ಒಡವೆಯ ಹಾಗೆ ಕಾಪಾಡಿಕೊಂಡದ್ದು ಬರೀ ಗಿಲೀಟು ಎಂದು ಕೆಂಪಕ್ಕನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅಳು ಬರಲಿಲ್ಲ.

"ಎಷ್ಟು?"

"ಹದಿಮೂರು."

"ಎಡಗೈ?"

"ಹನ್ನೊಂದೂವರೆ."

ಕೆಂಪಕ್ಕ ಸೊಂಟದಿಂದ ಆ ಪಟ್ಟಿಯನ್ನು ತೆಗೆದು ಬಿಡಿಸಿ ಅವನ ಅಂಗೈ ಮೇಲೆ ಹಾಸಿದಳು. "ಇದನ್ನೂ ಅಳೀರಿ. ಒಂದೂವರೆ ಐತಾ ನೋಡಿ."

ತಿಮ್ಮರಾಜು ನೋಡಿದ. ನವಿಲುಬಣ್ಣದ ರೇಷ್ಮೆ. ಅಂಗಡಿಯಲ್ಲಿ ಆರಿಸಿ ಆರಿಸಿ ತಾನೇ ತೆಗೆದದ್ದು. ತುದಿಯಲ್ಲಿ ಹಪ್ಪಳದ ಚೂರಿನಂಥ ತುಂಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನನ್ನು ಯಾರೂ ಕಳ್ಳ ಅನ್ನಲೇ ಇಲ್ಲ, ಕೈ ತಾನಾಗಿ ಹೆಗಲ ಟವೆಲ್ಲಿಗೆ ಹೋಯಿತು. ಮುಖ ಒರೆಸಿಕೊಂಡ.

"ಇದು... ಯಾವ್ ಬಟ್ಟೆ?"

"ನನ್ ತೋಳಿಂದು. ಕಿಬ್ಬನಹಳ್ಳಿ ಮಂಗಳಂಗೆ ಹೆಚ್ಚಾಗಿತ್ತು. ಮೂಲೇಲಿ ಕೂತವ್ಳು, ಕೂತಲ್ಲೇ ತೆಗೆದುಕೊಟ್ಟೆ."

ಅವನು ಏನೇನೋ ಹೇಳಲು ಶುರುಮಾಡಿದ. ಅದು ಹಾಗಲ್ಲ ಅಂದ, ಅವಳೇ ಅಂದ, ಮಧುಶ್ರೀಗೆ ತಿಳಿದರೆ ಅಂದ. ಕೆಂಪಕ್ಕ ಅವನ ಕೈಯಿಂದ ಟೇಪನ್ನು ಬಿಡಿಸಿಕೊಂಡು, ಸುರುಳಿ ಸುತ್ತಿ, ಒಳಗೆ ಹೋದಳು. ಪಟ್ಟಿ ಅವನ ಅಂಗೈಯಲ್ಲೇ ಉಳಿಯಿತು. ಅಂದಿನಿಂದ ಅವನ ಹಾಸಿಗೆ ಜಗಲಿಗೆ ಬಂತು, ಈಗಲೂ ಅಲ್ಲೇ ಇದೆ. ಮಾತಿದೆ, ಊಟ ಇದೆ, ಬಿಸಿನೀರು ಮಾತ್ರ ಅವನೇ ಕಾಯಿಸಿಕೊಳ್ಳುತ್ತಾನೆ.

ಯಾರು ಹೇಳಿದರೋ, ಮಂಗಳಾಳಿಗೂ ವಿಷಯ ತಿಳಿಯಿತು. ಒಂದು ಬೆಳಿಗ್ಗೆ ಮಳಿಗೆಯ ಬಾಗಿಲ ಚಿಲಕಕ್ಕೆ ಒಂದು ಕವರ್ ನೇತಾಡುತ್ತಿತ್ತು. ಒಳಗೆ ಮರೂನ್ ಬ್ಲೌಸ್, ಒಗೆದು ಇಸ್ತ್ರಿ ಮಾಡಿದ್ದು. ಅದನ್ನು ಹಾಸಿ ಗೆರೆ ಎಳೆದುಕೊಂಡಿದ್ದರೆ ಕೆಂಪಕ್ಕನ ಕೆಲಸ ಆಗಿಹೋಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಅದನ್ನು ಹರಿದು ಮಿಷಿನ್ನಿನ ಎಣ್ಣೆ ಒರೆಸಲು ಇಟ್ಟುಕೊಂಡಳು. ಶೆಡ್ಡಿನಿಂದ ರಂಗಮ್ಮನನ್ನು ಕರೆಸಿ, ಕೈಗೆ ಟೇಪು ಕೊಟ್ಟು, ತೋಳು ಚಾಚಿ ನಿಂತಳು.

ರಂಗಮ್ಮನಿಗೆ ಏನೂ ಗೊತ್ತಿರಲಿಲ್ಲ. ಟೇಪು ಸುತ್ತುತ್ತ ನಕ್ಕಳು. "ಇದಕ್ಕೆ ಅಲ್ಲಿಂದ ನನ್ನ ಕರ್ಸಿದ್ಯಾ? ಮನೇಲಿ ನಿನ್ ಗಂಡ ಇಲ್ವೇನೇ ಹಿಡಿಯೋಕೆ?"

"ಅವ್ರೆ ಕಣೇ" ಅಂದಳು ಕೆಂಪಕ್ಕ. "ಅವ್ರ ಕೈಗೆ ಸ್ವಾಧೀನ ಇಲ್ಲ."